ಜೀವಂತ ಕುರುಹಿಲ್ಲ

ಕೊಳದಾಚೆ ಗಾಜಿನ ಪೆಟ್ಟಿಗೆ. ನೈನ್ ಎಲ್ಮ್ಸ್, ಬೆಳಗಿನ ಏಳೂವರೆ.
ಇದನ್ನು ಕಟ್ಟುತ್ತಿದ್ದಾಗ ದಿನಕ್ಕೆ ಆರು ಸಲ
ಬಸ್ಸು ಓಡಿಸಿಕೊಂಡು ಇಲ್ಲೇ ಹಾದಿದ್ದೇನೆ ಎಂದು
ಸಾಲಿನಲ್ಲಿ ಹಿಂದಿದ್ದವರಿಗೆಲ್ಲ ಹೇಳಿದ ಎವರ್ಟನ್.
ಹೆದರಿಕೆಯಾದರೆ ಅವನಿಗೆ ಮಾತು ಹೆಚ್ಚು.
ನನಗೆ ಅಂಗಾಲು ತಣ್ಣಗಾಗುತ್ತದೆ.

ಒಳಗೆ ಕೂತೆವು. ಮಡಿಲಲ್ಲಿ ಫೈಲು,
ಉಡಿ ತುಂಬಿಸಿಕೊಂಡವಳ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದೆ.
ಗ್ಯಾಸಿನ ಬಿಲ್ಲು, ಜಂಟಿ ಖಾತೆ,
ಕ್ಲೀವ್‌ಲ್ಯಾಂಡಿನ ಮುದ್ರೆಯಿರುವ ನನ್ನ ಮೊದಲ ಗಂಡನ ಮರಣಪತ್ರ,
ಅವನ ಹಳೆಯ ವಿಚ್ಛೇದನದ ಕಾಗದ,
ಮತ್ತೆ ಅರವತ್ತೆರಡು ಫೋಟೊ.
ಕೊನೆಯ ಹತ್ತು ಇವರಿಗೆಂದೇ ತೆಗೆಸಿದ್ದು.
ಬ್ರೈಟನ್ನಿನ ದಂಡೆಯಲ್ಲಿ ನಾವು ನಗುತ್ತಿರುವುದು —
ಆವತ್ತು ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದೆವು,
ಬಾಯ್ಲರ್ ರಿಪೇರಿಯ ವಿಷಯಕ್ಕೆ.
ಯಾರದೋ ಮಗನ ಕೈಗೆ ಫೋನು ಕೊಟ್ಟು
ಹೆಗಲ ಮೇಲೆ ಕೈ ಹಾಕಿಕೊಂಡೆವು.
ಆಮೇಲೆ ಕೈ ತೆಗೆಯಲು ಇಬ್ಬರೂ ಮರೆತೆವು.

ಗದಗಿನಲ್ಲಿ ನನ್ನನ್ನು ನೋಡಲು ಬಂದಾಗ
ಉಪ್ಪಿಟ್ಟಿತ್ತು, ಶಿರಾ ಇತ್ತು.
ಬಂದವರ ಪೈಕಿ ಮುದುಕಿಯೊಬ್ಬಳು ಸೂಜಿ ದಾರ ಕೊಟ್ಟು
ಪೋಣಿಸು ನೋಡೋಣ ಎಂದಿದ್ದಳು.
ಇಲ್ಲಿ ನೋಡುವುದು ಗಂಡನ್ನು. ತಿನ್ನಲು ಏನೂ ಇಲ್ಲ.
ಅರವತ್ತೊಂದರ ವರ, ಇಸ್ತ್ರಿಯ ಬಿಳಿ ಅಂಗಿ,
ಗದ್ದದ ಬ್ಲೇಡಿನ ಗೀರಿಗೆ ಅಂಟಿದ ಟಿಶ್ಯೂ ಚೂರು.
ಬೆರಳು ಒದ್ದೆ ಮಾಡಿ ಅದನ್ನು ತೆಗೆಯುವಷ್ಟರಲ್ಲಿ
ನಮ್ಮ ನಂಬರು ಬಂತು.

ಗಾಜಿನಾಚೆ ಒಬ್ಬ ಹುಡುಗಿ, ನೆಗಡಿಯಾದವಳು.
ಬಲಗೈ ಎತ್ತಿ ಎಂದಳು ಅವನಿಗೆ.
ನಾನು ಎತ್ತಬೇಕಿರಲಿಲ್ಲ. ಎತ್ತಿದೆ.

ಎಲ್ಲಿ ಪರಿಚಯ? ಬಸ್ಸಿನಲ್ಲಿ.
ಇವಳು ಊಟದ ಡಬ್ಬಿ ಮರೆತು ಇಳಿದಿದ್ದಳು.
ಏನಿತ್ತು ಡಬ್ಬಿಯಲ್ಲಿ?
ಜುಣಕ, ಅಂದ. ಆ ‘ಣ’ ಅವನ ನಾಲಿಗೆಗೆ ಇನ್ನೂ ಒಗ್ಗಿಲ್ಲ.
ತಿಂದು ಮುಗಿಸಿ, ತೊಳೆದು, ಖಾಲಿ ಡಬ್ಬಿ ಕೊಟ್ಟದ್ದನ್ನು
ಹೇಳಲಿಲ್ಲ.

ಹುಡುಗಿ ಪೊಲೀಸರ ಕಾಗದದ ಮೇಲೆ ಪೆನ್ನಿಟ್ಟಳು.
ನೋ ಲೈವ್ ಟ್ರೇಸ್.
ಜೀವಂತ ಕುರುಹಿಲ್ಲ. ಮನೆಯಲ್ಲಿ ಓದಿದ್ದೆ,
ಒಳ್ಳೆಯದೇ ಇರಬೇಕೆಂದು ಮಡಚಿಟ್ಟಿದ್ದೆ.
ಬರೀ ‘ಕುರುಹಿಲ್ಲ’ ಎಂದಿದ್ದರೆ ಏನೂ ಇಲ್ಲ ಎಂದಂತೆ.
ಜೀವಂತ ಇಲ್ಲ ಅಂದರೆ
ಹೂತದ್ದು ಒಂದಿದೆ.

ಸೈಕಲ್ಲು, ಅಂದ ಎವರ್ಟನ್. ನನಗೆ ಹದಿನೇಳು.
ಕದ್ದವನು ಅಣ್ಣ. ಅವನಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು,
ಅಮ್ಮನ ಬಾಡಿಗೆ ಅದರಲ್ಲೇ ಸಾಗಬೇಕು.
ಬಾಗಿಲು ತಟ್ಟಿದಾಗ ನಾನೇ ಅಂದೆ.
ಹದಿನೈದು ಪೌಂಡು ದಂಡ.

ಅಣ್ಣ ಅಂದರೆ ಲೆರಾಯ್.
ಪ್ರತಿ ಕ್ರಿಸ್ಮಸ್ಸಿಗೆ ರಮ್ ಕೇಕು ಹೊತ್ತು ಬರುವವನು.
ನಮ್ಮ ಮದುವೆಯಲ್ಲಿ ಗ್ಲಾಸು ಹಿಡಿದು ಎದ್ದು
ನನ್ನ ತಮ್ಮ ಕೆಂಪು ದೀಪ ದಾಟಿದವನೇ ಅಲ್ಲ ಎಂದು
ಎಲ್ಲರನ್ನೂ ನಗಿಸಿ,
ಯಾಕೋ ನಡುವೆಯೇ ಕೂತುಬಿಟ್ಟಿದ್ದ.

ಇದು ನಿಮಗೆ ಗೊತ್ತಿತ್ತೇ?
ಪ್ರಶ್ನೆ ನನಗೆ. ಎವರ್ಟನ್ ಕೌಂಟರಿನ ಅಂಚು ನೋಡುತ್ತಿದ್ದ.

ಗೊತ್ತಿತ್ತು, ಅಂದೆ.

ಅವಳು ಟೈಪು ಮಾಡಿದಳು. ಸೀನಿದಳು.
ಅಪ್ರೂವ್ಡ್, ಅಂದಳು. ಪಾಸ್‌ಪೋರ್ಟು ಇಟ್ಟುಕೊಂಡಳು.
ಫೈಲು ಬೇಡ ಎಂದಳು.
ಅರವತ್ತೆರಡು ಫೋಟೊ ಯಾರೂ ನೋಡದೆ
ಬಂದ ಹಾಗೇ ಮಡಿಲಿಗೆ ಮರಳಿದವು.

ಬಸ್ಸಿನ ಮೇಲಂತಸ್ತು, ಮುಂದಿನ ಸೀಟು.
ವಾಕ್ಸ್‌ಹಾಲ್ ಬಂತು, ಹೋಯಿತು.
ಇಷ್ಟು ಹೊತ್ತು ಅವನು ಸುಮ್ಮನಿದ್ದದ್ದು ನಾನು ಕಂಡಿಲ್ಲ.
ಬೈಯಬೇಕೆಂದಿದ್ದೆ. ಆರು ವರ್ಷ ಯಾಕೆ ಹೇಳಲಿಲ್ಲ,
ನನ್ನ ಕೈಯಲ್ಲಿ ಸುಳ್ಳು ಯಾಕೆ ಹೇಳಿಸಿದೆ —
ಎಲ್ಲ ಒಟ್ಟಿಗೆ ಬಾಯಿಗೆ ಬಂದು,
ಯಾವ ಬಣ್ಣದ ಸೈಕಲ್ಲು ಎಂದು ಕೇಳಿದೆ.

ಗೊತ್ತಿಲ್ಲ, ಅಂದ.
ನಾನು ಅದನ್ನು ನೋಡೇ ಇಲ್ಲ.